ತಡವಾಗಿ ಹತ್ತುವ ಹೆಡ್‌ಲೈಟ್

ಸೈಕಲ್ಲಿನವನ ಕೆನ್ನೆಗೆ ರಾಜೇಶ ಎರಡನೇ ಏಟು ಬಿಟ್ಟಾಗ ಅವನ ತಾಯಿ ಪುಟ್ಟತಾಯಮ್ಮ ಕಾರಿನ ಗಾಜು ಏರಿಸಿಕೊಂಡಳು. ಗಾಜು ಏರಿದರೆ ಸದ್ದು ಕಡಿಮೆ. ಆಮೇಲಿನ ಏಟುಗಳು ಕಣ್ಣಿಗೆ ಬಿದ್ದವೇ ಹೊರತು ಕಿವಿಗೆ ಬೀಳಲಿಲ್ಲ.

ತಪ್ಪು ಸೈಕಲ್ಲಿನವನದಲ್ಲ. ರಿಂಗ್ ರೋಡಿನ ಮೇಲೆ ಮಬ್ಬು ಕವಿದು ಉಳಿದ ಗಾಡಿಗಳೆಲ್ಲ ದೀಪ ಹಾಕಿಕೊಂಡು ಹೋಗುತ್ತಿದ್ದವು. ರಾಜೇಶನ ಕಾರು ಮಾತ್ರ ದೀಪವಿಲ್ಲದೆ ನುಗ್ಗುತ್ತಿತ್ತು. ಅದು ಕಾಣದೆ ಸೈಕಲ್ ಅಡ್ಡ ಬಂದಿತ್ತು. ಕತ್ತಲಾದರೆ ತಾನೇ ಹೆಡ್‌ಲೈಟ್ ಹತ್ತಿಸಿಕೊಳ್ಳುವ ಕಾರು ಅದು. ತಂದ ಹೊಸದರಲ್ಲಿ ದಟ್ಟಗಳ್ಳಿಯ ತನ್ನ ಬೀದಿಯವರನ್ನೆಲ್ಲ ಕರೆದು ಅದನ್ನೇ ತೋರಿಸಿ ಮೆರೆದಿದ್ದ. ಈಗೀಗ ಅದಕ್ಕೆ ಏನೋ ಸೋಮಾರಿತನ ಹತ್ತಿತ್ತು. ಊರೆಲ್ಲ ಕತ್ತಲಾದ ಮೇಲೆ, ಮನಸ್ಸಿಲ್ಲದ ಮನಸ್ಸಿನಿಂದ ಹೊತ್ತಿಕೊಳ್ಳುತ್ತಿತ್ತು. ಕೈಯಿಂದ ಸ್ವಿಚ್ ತಿರುಗಿಸಿದರೆ ಮುಗಿಯುವ ಕೆಲಸ. ಆದರೆ ರಾಜೇಶ ಅದನ್ನು ಮುಟ್ಟುವವನಲ್ಲ. "ಆಟೋಮ್ಯಾಟಿಕ್ ಅಂದ್ಮೇಲೆ ಅದೇ ಹತ್ಬೇಕು. ನಾನ್ಯಾಕೆ ತಿರುಗಿಸ್ಲಿ?" ಎಂಬುದು ಅವನ ಹಟ.

"ಲೈಟ್ ಇರ್ಲಿಲ್ಲ ಸ್ವಾಮಿ, ಕಾಣ್ಲಿಲ್ಲ" ಎಂದು ಸೈಕಲ್ಲಿನವನು ಕೈಮುಗಿದ. ಫ್ಯಾಕ್ಟರಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ನಡುವಯಸ್ಸಿನ ಮನುಷ್ಯ. ಆ ಮಾತು ಕೇಳಿ ರಾಜೇಶನ ಸಿಟ್ಟು ಇನ್ನಷ್ಟು ನೆತ್ತಿಗೇರಿತು. ಕೊರಳಪಟ್ಟಿ ಹಿಡಿದು ರಸ್ತೆ ನಡುವಿನ ಕಟ್ಟೆಗೆ ಅವನ ಮುಖವನ್ನು ಅಪ್ಪಳಿಸಿದ. ಮೂಗಿನಿಂದ ರಕ್ತ ಇಳಿದು ಅಂಗಿ ಕೆಂಪಾಯಿತು.

ಕಾರಿಗೆ ಮರಳಿ ಬಂದವನ ದನಿ ಬೆಣ್ಣೆಯಾಗಿತ್ತು. "ಹೆದ್ರುಕೊಂಡ್ಯೇನಮ್ಮ?"

"ಇಲ್ಲ ಕಣಪ್ಪ. ನಿಧಾನಕ್ಕೆ ಓಡ್ಸು" ಎಂದಳು ತಾಯಿ.

ಪುಟ್ಟತಾಯಮ್ಮನ ಮೇಲೆ ಅವನು ಎಂದೂ ದನಿ ಏರಿಸಿದವನಲ್ಲ. ಅದಕ್ಕೊಂದು ಹಿನ್ನೆಲೆಯಿದೆ. ಅವಳ ಗಂಡ ಕೆಂಪಯ್ಯ ಕುಡಿದು ಬಂದು ಹೆಂಡತಿಯನ್ನು ಬೆಲ್ಟಿನಲ್ಲಿ ಬಾರಿಸುತ್ತಿದ್ದವನು. ಮೀಸೆ ಚಿಗುರುತ್ತಿದ್ದ ವಯಸ್ಸಿನಲ್ಲಿ ರಾಜೇಶ ಒಂದು ದಿನ ಅಪ್ಪನ ಕೈ ತಿರುಚಿ ಗೋಡೆಗೆ ಒತ್ತಿ, "ಇನ್ನೊಂದ್ಸಲ ಅಮ್ಮನ್ ಮುಟ್ಟಿದ್ರೆ ಇಲ್ಲೇ ಹೂತಾಕ್ತೀನಿ" ಎಂದಿದ್ದ. ಅಂದಿನಿಂದ ಕೆಂಪಯ್ಯ ಸಾಯುವವರೆಗೂ ಅವಳ ಮೈಮೇಲೆ ಒಂದು ಏಟೂ ಬಿದ್ದಿರಲಿಲ್ಲ. ಮಗನ ಕೈಯೇ ತನಗೆ ಕಾವಲು ಎಂದು ನಂಬಿದಳು. ಆ ಕೈ ಊರವರ ಮೇಲೆ ಬೀಳತೊಡಗಿದಾಗ ಕಾರಣ ಹುಡುಕಿ ಕೊಡುವುದನ್ನು ಕಲಿತಳು. ವಾಚ್‌ಮನ್ ಹಲ್ಲು ಉದುರಿತೇ? ಎದುರು ಮಾತಾಡಿದ, ಅದಕ್ಕೆ. ಸೊಸೆ ಗಗನ ತುಟಿ ಒಡೆಸಿಕೊಂಡು ತವರಿಗೆ ಹೋದಳೇ? ಗಂಡ ಹಸಿದು ಬಂದಾಗ ಫೋನ್ ಹಿಡಿದು ಕೂತಿದ್ದಳು, ಅದಕ್ಕೆ. ಸುಮ್ಮಸುಮ್ಮನೆ ಯಾರ ಮೇಲೂ ಕೈಮಾಡುವವನಲ್ಲ ತನ್ನ ಮಗ. ಈ ಮಾತನ್ನು ಅವಳು ಎಷ್ಟು ಸಲ ಹೇಳಿದ್ದಳೆಂದರೆ ಅವಳಿಗೇ ಅದು ನಿಜವಾಗಿಬಿಟ್ಟಿತ್ತು. ಅವಳನ್ನು ಪಾಪದವಳು ಎನ್ನುವವರು ಎನ್ನಲಿ, ಆ ಒಡೆದ ತುಟಿಗಳಲ್ಲಿ ಅವಳ ಪಾಲೂ ಇತ್ತು.

ಮಾರನೆಯ ದಿನ ಸಂಜೆ ರಾಜೇಶ ತಾಯಿಯನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೊರಟವನು ಮೊದಲು ಕಾರನ್ನು ಮೇಟಗಳ್ಳಿಗೆ ತಿರುಗಿಸಿದ. ಅಲ್ಲಿ ಗ್ಯಾರೇಜುಗಳ ಸಾಲಿನಲ್ಲಿ ಪ್ರಸನ್ನನದೊಂದು ಮಳಿಗೆ. ಅರ್ಧದಲ್ಲಿ ಅವನು ಕಾರಿನ ವೈರು, ಬ್ಯಾಟರಿ, ದೀಪಗಳ ಕೆಲಸ ಮಾಡುತ್ತಿದ್ದ. ಇನ್ನರ್ಧದಲ್ಲಿ ಅವನ ಹೆಂಡತಿ ಸಂಘಮಿತ್ರ ಸೀಟ್ ಕವರ್ ಹೊಲಿಯುತ್ತಿದ್ದಳು. ಇಬ್ಬರೂ ಸಿದ್ಧಾರ್ಥನಗರದ ಕಡೆಯಿಂದ ಬೆಳಿಗ್ಗೆ ಒಂದೇ ಸ್ಕೂಟರಿನಲ್ಲಿ ಬಂದು ಸಂಜೆ ಒಂದೇ ಸ್ಕೂಟರಿನಲ್ಲಿ ಹೋಗುವವರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಅಂಬೇಡ್ಕರರ ಪಟ. ಹಿಂದಿನ ವಾರ ಇದೇ ಹೆಡ್‌ಲೈಟ್ ತೊಂದರೆಗೆಂದು ರಾಜೇಶ ಇಲ್ಲಿಗೇ ಬಂದಿದ್ದ.

"ಲೇ, ಏನೋ ಕಿಸಿದೆ ನೀನು ಹೋದ್ವಾರ? ನೆನ್ನೆ ಒಬ್ಬ ಚಕ್ರದಡಿ ಬೀಳ್ತಿದ್ದ ಕಣೋ!"

ಪ್ರಸನ್ನ ಎಣ್ಣೆಗೈ ಒರೆಸಿಕೊಂಡು ಎದ್ದುಬಂದ. "ಸಾರ್, ಹೋದ್ವಾರ ನಿಮ್ಮೆದುರ್ಗೇ ಸರಿಯಾಗಿ ಹತ್ತಿತ್ತಲ್ಲ ಸಾರ್. ಸ್ವಲ್ಪ ಟೈಮ್ ಕೊಡಿ, ಇನ್ನೊಂದ್ಸಲ ನೋಡ್ಬುಡ್ತೀನಿ."

ಅಷ್ಟರಲ್ಲಿ ಯಾರದೋ ಫೋನ್ ಬಂದು, ರಾಜೇಶ ಬೈದುಕೊಂಡೇ ರಸ್ತೆಯಾಚೆ ಟೀ ಅಂಗಡಿಯ ಹತ್ತಿರ ಹೋಗಿ ನಿಂತ. ಪುಟ್ಟತಾಯಮ್ಮ ಮುಂದಿನ ಸೀಟಿನಲ್ಲೇ ಕೂತಿದ್ದಳು.

ಪ್ರಸನ್ನ ಡ್ರೈವರ್ ಸೀಟಿಗೆ ಬಂದು ಕೂತು ಕಾರು ಶುರು ಮಾಡಿದ. ಸೆಟ್ಟಿಂಗ್ ನೋಡಿದ, ಹೋದ ವಾರ ತಾನು ಇಟ್ಟದ್ದು ಹಾಗೇ ಇತ್ತು. ಮುಂದಿನ ಗಾಜು ಒರೆಸಿದ. ಗಾಜಿನ ಬುಡದಲ್ಲಿ, ಡ್ಯಾಶ್‌ಬೋರ್ಡಿನ ಮೇಲೆ, ಅಂಗಿ ಗುಂಡಿಯಷ್ಟು ಅಗಲದ ಕರಿಬಣ್ಣದ ಉಬ್ಬೊಂದಿತ್ತು. ಹೊರಗೆ ಹಗಲೋ ಕತ್ತಲೋ ಎಂದು ಅಳೆದು ಹೆಡ್‌ಲೈಟಿಗೆ ಹೇಳುವ ಸೆನ್ಸರ್ ಅದೇ. ಅದನ್ನೂ ಒರೆಸಿದ. ಸಂಘಮಿತ್ರ ಸೀಟಿಗೆ ಹೊಲಿಯುವ ಕರಿ ರೆಕ್ಸಿನ್ ತಂದು ಕಾರಿನ ಗಾಜುಗಳ ಮೇಲೆಲ್ಲ ಹೊರಗಿನಿಂದ ಹೊದಿಸಿದಳು. ಕಾರಿನೊಳಗೆ ಮುಸ್ಸಂಜೆಯಷ್ಟು ಕತ್ತಲಾಯಿತು. ಹೆಡ್‌ಲೈಟ್ ಮಾತ್ರ ಹತ್ತಲಿಲ್ಲ.

"ಇದೇನಮ್ಮ ಇದು, ಇಷ್ಟ್ ಕತ್ತಲಾದ್ರೂ…" ಎಂದ ಪ್ರಸನ್ನ ಮಾತು ನಿಲ್ಲಿಸಿದ. ಕತ್ತಲೆಯಲ್ಲಿ ಈಗ ಒಂದೇ ಬೆಳಕಿತ್ತು. ಹೋದ ಆಯುಧಪೂಜೆಯಂದು ಪುಟ್ಟತಾಯಮ್ಮ ತಂದು ಅಂಟಿಸಿದ್ದ ಚಾಮುಂಡಿಯ ಪುಟ್ಟ ವಿಗ್ರಹದ್ದು. ವಿಗ್ರಹದ ಸುತ್ತ ಪುಟಾಣಿ ಬಲ್ಬುಗಳ ಪ್ರಭಾವಳಿ, ಅದರ ವೈರನ್ನು ಚಾರ್ಜರಿಗೆ ಸಿಕ್ಕಿಸಿತ್ತು. ಕಾರು ಶುರುವಾದರೆ ದೇವಿ ಝಗಮಗ ಎನ್ನುವಳು. ಪೂಜೆಯ ದಿನ ಪುಟ್ಟತಾಯಮ್ಮನ ಕಣ್ಣಿಗೆ ಆ ಕರಿ ಉಬ್ಬು ದೇವಿಗೆಂದೇ ಮಾಡಿದ ಸ್ಥಳದ ಗುರುತಿನಂತೆ ಕಂಡಿತ್ತು. ಅದರ ಬೆನ್ನಿಗೇ ವಿಗ್ರಹ ಕೂರಿಸಿ, ಉಬ್ಬಿಗೂ ಒಂದು ಬೊಟ್ಟು ಕುಂಕುಮ ಇಟ್ಟು ಕೈಮುಗಿದಿದ್ದಳು. ಕುಂಕುಮ ಯಾವಾಗಲೋ ಉದುರಿತ್ತು. ದೇವಿಯ ಬೆಳಕು ಮಾತ್ರ ದಿನವೂ ನೇರ ಉಬ್ಬಿನ ಮೇಲೆಯೇ ಬೀಳುತ್ತಿತ್ತು.

"ಸಿಕ್ತು ಕಣಮ್ಮ! ಈ ದೀಪ ಮೇಲೆ ಬೀಳ್ತಿದ್ರೆ ಅದು ಇನ್ನೂ ಹಗಲು ಅಂದ್ಕೊಂಡಿರ್ತೈತೆ. ಪೂರ್ತಿ ಕತ್ತಲಾದ್ಮೇಲೇ ಅದಕ್ಕೆ ಗೊತ್ತಾಗೋದು."

"ಅಯ್ಯೋ ಶಿವನೇ! ನಾನ್ ಇಟ್ಟಿದ್ರಿಂದ್ಲಾ ಇಷ್ಟೆಲ್ಲ?"

"ನಂದೂ ತಪ್ಪೈತೆ ಬುಡಿ. ಹೋದ್ವಾರ ಚೆಕ್ ಮಾಡೋ ಮಿಷಿನ್ ಸಿಕ್ಕಿಸ್ಬೇಕು ಅಂತ ದೇವಿ ವೈರ್ ಕಿತ್ತಿದ್ದೆ, ಹೋಗೋವಾಗ ವಾಪಸ್ ಸಿಕ್ಕಿಸ್ಬುಟ್ಟೆ. ಅದಕ್ಕೇ ಅವತ್ತು ಸರಿಯಾಗಿ ಹತ್ತಿದ್ದು." ಪ್ರಸನ್ನ ಸ್ವಲ್ಪ ತಡೆದು ಕೇಳಿದ. "ಇದನ್ನ ನಾಕ್ ಬೆರಳು ಆಚೆ ಕೂರಿಸ್ಬೇಕು. ನೀವೇ ತೆಗೀತೀರಾ ಅಮ್ಮ?"

ಸಂಘಮಿತ್ರ ರಸ್ತೆ ಕಡೆಯ ಕಿಟಕಿಯ ರೆಕ್ಸಿನ್ ಎತ್ತಿ ಹಿಡಿದಳು. ಪುಟ್ಟತಾಯಮ್ಮ ಎಳೆದು ನೋಡಿದಳು. ಟೇಪು ಗಟ್ಟಿಯಾಗಿ ಕಚ್ಚಿಕೊಂಡಿತ್ತು, ಅವಳ ಬೆರಳ ಗೆಣ್ಣುಗಳಲ್ಲಿ ಕಸುವಿರಲಿಲ್ಲ. "ನೀನೇ ತೆಗಿಯಪ್ಪ. ಯಾರ್ ಮುಟ್ಟಿದ್ರೂ ದೇವರು ದೇವರೇ" ಎಂದಳು. ಕಿಟಕಿಯಲ್ಲೇ ನಿಂತಿದ್ದ ಸಂಘಮಿತ್ರಳಿಗೂ ಅದು ಕೇಳಿಸಿತು.

ಪ್ರಸನ್ನ ಇಳಿದು ಹೋಗಿ ಸೋಪು ಹಚ್ಚಿ ಕೈ ತೊಳೆದುಬಂದ. ಹೆಂಡತಿ ಕೊಟ್ಟ ನೈಲಾನ್ ದಾರವನ್ನು ವಿಗ್ರಹದ ಅಡಿ ತೂರಿಸಿ ಗರಗಸದ ಹಾಗೆ ಎಳೆದ. ಒಂದು ಚೂರೂ ಮುಕ್ಕಾಗದೆ ದೇವಿ ಕೈಗೆ ಬಂದಳು. ಅವಳನ್ನು ಹೊಲಿಗೆ ಮಿಷಿನ್ನಿನ ಪಕ್ಕ ಒಂದು ಹೊಸ ಬಟ್ಟೆಯ ಮೇಲೆ ಕೂರಿಸಿದರು. ಪುಟ್ಟತಾಯಮ್ಮನೂ ಕಾರಿನಿಂದಿಳಿದು ನಿಂತಳು. ಮತ್ತೆ ರೆಕ್ಸಿನ್ ಹೊದಿಸಿದ ಕೂಡಲೇ ಹೆಡ್‌ಲೈಟ್ ಹತ್ತಿ, ಎದುರಿನ ಮಳಿಗೆಯ ಷಟರಿನ ಮೇಲೆ ಬೆಳಕು ಚೆಲ್ಲಿತು. ಪುಟ್ಟತಾಯಮ್ಮ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು. ಸಂಘಮಿತ್ರ ರೆಕ್ಸಿನ್ ತೆಗೆದು ಸುತ್ತಿಟ್ಟಳು.

ಆಗಲೇ ರಾಜೇಶ ರಸ್ತೆ ದಾಟಿ ಬಂದ.

"ಸಾರ್, ಸೆನ್ಸರ್ ಏನೂ ಆಗಿಲ್ಲ, ಚೆನ್ನಾಗೈತೆ. ದೇವಿ ದೀಪ ನೋಡ್ಕೊಂಡು ಅದು ಇನ್ನೂ ಹಗಲು ಅಂತ ಮಲ್ಕೊಂಡಿತ್ತು" ಎಂದ ಪ್ರಸನ್ನ, ಗೆಲುವಿನಿಂದ. ಪಕ್ಕದ ಗ್ಯಾರೇಜಿನ ಸುಂದರೇಶ ಟೈರು ಬಿಚ್ಚುತ್ತಿದ್ದವನು ಇದನ್ನು ಕೇಳಿ ಗೊಳ್ಳೆಂದು ನಕ್ಕ. ನಗಬಾರದ ಹೊತ್ತಿನಲ್ಲಿ ನಕ್ಕ ಪುಣ್ಯಾತ್ಮ.

ರಾಜೇಶ ಡ್ಯಾಶ್‌ಬೋರ್ಡ್ ನೋಡಿದ. ಹೊಲಿಗೆ ಮಿಷಿನ್ನಿನ ಕಡೆ ನೋಡಿದ. ಗೋಡೆಯ ಮೇಲಿನ ಪಟಗಳನ್ನೂ ನೋಡಿದ.

"ಯಾರೋ ತೆಗ್ದಿದ್ದು?"

"ನಾನೇ ಸಾರ್. ಅಮ್ಮ ಹೇ…"

ಮಾತು ಮುಗಿಯುವ ಮೊದಲೇ ಏಟು ಬಿತ್ತು. ಪ್ರಸನ್ನನ ತಲೆ ಕಾರಿನ ಬಾಗಿಲಿಗೆ ಬಡಿಯಿತು. "ನಿಮ್ಮಂಥೋರು ಮುಟ್ಟೋ ದೇವರೇನೋ ಅದು? ನಮ್ಮಮ್ಮ ಪೂಜೆ ಮಾಡಿ ಕೂರ್ಸಿದ್ ದೇವಿನ ಚಿಂದಿ ಬಟ್ಟೆ ಮೇಲೆ ಇಡ್ತೀಯಾ?" ಬಗ್ಗಿದವನ ಪಕ್ಕೆಗೆ ಶೂ ಕಾಲಿನಿಂದ ಒದ್ದ. ಕೆಳಗೆ ಬಿದ್ದವನ ಹೊಟ್ಟೆಗೆ ಒದ್ದ. ಪ್ರಸನ್ನ ಕಾರಿನ ಚಕ್ರ ಹಿಡಿದು ಏಳಲು ನೋಡಿದಾಗ, ಸುಂದರೇಶ ಬಿಚ್ಚುತ್ತಿದ್ದ ಟೈರಿನ ಪಕ್ಕ ಬಿದ್ದಿದ್ದ ಚಕ್ರ ಬಿಚ್ಚುವ ಪಾನ ರಾಜೇಶನ ಕೈಗೆ ಬಂತು. ಮೊಳದುದ್ದದ ಕಬ್ಬಿಣ. ಸುಂದರೇಶ ತಡೆಯಲು ಬಂದ. ಅದೇ ಪಾನ ಅವನ ಮೊಳಕೈಗೆ ಬಿತ್ತು, ಅವನು ಚೀರಿಕೊಂಡು ಹಿಂದೆ ಸರಿದ.

ಸಂಘಮಿತ್ರ ಓಡಿಬಂದು ಗಂಡನಿಗೆ ಅಡ್ಡ ನಿಂತಳು. "ನಿಮ್ಮಮ್ಮನ್ನೇ ಕೇಳ್ರೀ! ಅವ್ರೇ ತೆಗಿ ಅಂದಿದ್ದು! ಅಮ್ಮಾ, ಹೇಳೀಮ್ಮ! ಒಂದ್ ಮಾತು ಹೇಳೀಮ್ಮ!"

ಎಲ್ಲರೂ ಪುಟ್ಟತಾಯಮ್ಮನ ಕಡೆ ತಿರುಗಿದರು. ರಾಜೇಶನೂ ತಿರುಗಿದ, ಪಾನ ಮೇಲೆತ್ತಿದವನು ಹಾಗೇ ನಿಂತ. ಹೌದು ಎಂದರೆ ಮುಗಿದಿತ್ತು. ಎರಡೇ ಅಕ್ಷರ. ಆದರೆ ಅವಳು ಮಗನ ಕಣ್ಣು ನೋಡಿದಳು. ಈವರೆಗೆ ತನ್ನ ಮೇಲೆ ಬೀಳದ ಕೈ ಇವತ್ತು ಬಿದ್ದರೆ? ಕೆಂಪಯ್ಯನ ಬೆಲ್ಟಿನ ಉರಿ ಬೆನ್ನಿನ ಮೇಲೆ ಎದ್ದು ಕೂತ ಹಾಗಾಯಿತು.

"ನಂಗೇನ್ ಗೊತ್ತಪ್ಪ. ನಾನೇನೂ ಹೇಳಿಲ್ಲ" ಎಂದಳು.

ಸಂಘಮಿತ್ರಳನ್ನು ರಾಜೇಶ ತೋಳು ಹಿಡಿದು ಆಚೆಗೆ ಎಸೆದ. ಹೊಲಿಗೆ ಮಿಷಿನ್ನಿಗೆ ಬಡಿದು ಅವಳ ಹಣೆ ಸೀಳಿತು. ಅವನು ಪ್ರಸನ್ನನ ಬಲಗೈ ಮಣಿಕಟ್ಟು ಹಿಡಿದು ಎಳೆದು, ಕಾರಿನ ಬಾನೆಟ್ಟಿನ ಮೇಲೆ ಅಂಗೈ ಬಿಡಿಸಿ ಒತ್ತಿದ. "ಈ ಕೈಯಲ್ವೇನೋ ಮುಟ್ಟಿದ್ದು? ಇದೇ ಕೈಯಲ್ವಾ?"

ಪ್ರಸನ್ನ ಬೇಡಲಿಲ್ಲ. ಅವನು ಪುಟ್ಟತಾಯಮ್ಮನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟೂ ಇರಲಿಲ್ಲ, ಆಶ್ಚರ್ಯವಷ್ಟೇ ಇತ್ತು. ಈಗತಾನೇ ಚಪ್ಪಾಳೆ ತಟ್ಟಿದ ಮುದುಕಿ ಇವಳೇನಾ ಎಂಬಂಥ ಆಶ್ಚರ್ಯ. ಆ ನೋಟ ತಾಳಲು ಪುಟ್ಟತಾಯಮ್ಮನಿಂದಾಗಲಿಲ್ಲ. ಓಡಿಬಂದು ಮಗನ ರಟ್ಟೆಗೆ ಜೋತುಬಿದ್ದಳು.

"ಬುಡೋ! ನಾನೇ ಕಣೋ ತೆಗಿ ಅಂದಿದ್ದು. ಸುಳ್ಳು ಹೇಳ್ಬುಟ್ಟೆ. ಅವನು ಕೇಳ್ದ, ನಾನೇ ತೆಗಿಯಪ್ಪ ಅಂದೆ. ಹೊಡಿಯೋದಾದ್ರೆ ನನಗ್ ಹೊಡಿ!"

ರಾಜೇಶ ತಾಯಿಯ ಮುಖ ನೋಡಿದ. ಅವನ ದನಿ ಮತ್ತೆ ಬೆಣ್ಣೆಯಾಯಿತು.

"ಗೊತ್ತು ಬುಡಮ್ಮ. ಟೀ ಅಂಗಡಿಯಿಂದ್ಲೇ ನೋಡ್ತಿದ್ದೆ. ನೀನು ಎಳೆದಿದ್ದೂ ನೋಡ್ದೆ, ಆಮೇಲೆ ಅವನು ಕೈ ತೊಳ್ಕೊಂಡು ಬಂದಿದ್ದೂ ನೋಡ್ದೆ." ಹಾಗೆನ್ನುತ್ತಲೇ ಪಾನವನ್ನು ಪ್ರಸನ್ನನ ಬೆರಳುಗಳ ಮೇಲೆ ಇಳಿಸಿದ. ಮೂಳೆ ಮುರಿದ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಇನ್ನೊಂದು ಸಲ ಇಳಿಸಿದ.

ಹಾಗಾದರೆ ಕಾರಣವೇ ಇರಲಿಲ್ಲ. ದೇವರೂ ಅಲ್ಲ, ತಾಯಿಯ ಪೂಜೆಯೂ ಅಲ್ಲ. ಯಾರೋ ನಕ್ಕರು, ಇವನಿಗೆ ಕೈ ತುರಿಸಿತು, ಅಷ್ಟೇ. ವಾಚ್‌ಮನ್ನಿಗೂ ಅಷ್ಟೇ, ಗಗನಳಿಗೂ ಅಷ್ಟೇ, ನಿನ್ನೆಯ ಸೈಕಲ್ಲಿನವನಿಗೂ ಅಷ್ಟೇ. ತಾನು ಇಷ್ಟು ವರ್ಷ ಮುತುವರ್ಜಿಯಿಂದ ಪೋಣಿಸಿಟ್ಟ ಕಾರಣಗಳಲ್ಲಿ ಒಂದೂ ನಿಜವಲ್ಲವೆಂದು ಪುಟ್ಟತಾಯಮ್ಮನಿಗೆ ಗೊತ್ತಾಯಿತು. ಅವಳು ಮಗನ ಮುಂಗೈಯನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಬಾಯಿಗೆ ರಕ್ತದ ರುಚಿ ಬಂದರೂ ಬಿಡಲಿಲ್ಲ. ಅವನು ಕೊಡವಿದ ರಭಸಕ್ಕೆ ನೆಲಕ್ಕುರುಳಿದಳು.

ಅಷ್ಟರಲ್ಲಿ ಸಾಲಿನ ಗ್ಯಾರೇಜುಗಳಿಂದ ಜನ ರಾಡು, ಸುತ್ತಿಗೆ ಹಿಡಿದು ಓಡಿಬಂದರು. ಒಂದು ಕಲ್ಲು ಕಾರಿನ ಹಿಂದಿನ ಗಾಜನ್ನು ಪುಡಿಮಾಡಿತು. "ಹತ್ತಮ್ಮ, ಬೇಗ ಹತ್ತು!" ಎಂದು ರಾಜೇಶ ಕೂಗಿದ. ಅವಳು ಏಳಲಿಲ್ಲ. ಇನ್ನೊಂದು ಕಲ್ಲು ಭುಜಕ್ಕೆ ತಾಗಿದಾಗ ಅವನು ಕಾರು ಹತ್ತಿ, ಅಡ್ಡ ಬಂದವನೊಬ್ಬನ ಕಾಲಿಗೆ ತಗಲಿಸಿಕೊಂಡೇ ಓಡಿಸಿಕೊಂಡು ಹೋದ.

ಸಂಘಮಿತ್ರ ಗಂಡನ ಕೈಗೆ ಸೀಟ್ ಕವರಿನ ಬಟ್ಟೆ ಸುತ್ತಿ ಆಟೋದೊಳಗೆ ಕೂರಿಸುತ್ತಿದ್ದಳು. ಆ ಬಟ್ಟೆಯೊಳಗಿನ ಬೆರಳುಗಳು ಇನ್ನು ಒಂದು ವೈರು ಹಿಡಿಯುತ್ತವೋ ಇಲ್ಲವೋ. ಪುಟ್ಟತಾಯಮ್ಮ ತಾನೂ ಹತ್ತಲು ಹೋದಳು.

"ಇಳೀರಿ ಕೆಳಗೆ" ಎಂದಳು ಸಂಘಮಿತ್ರ. ಹಣೆಯ ರಕ್ತ ಅವಳ ಹುಬ್ಬಿನ ಮೇಲೆ ಇಳಿಯುತ್ತಿತ್ತು. "ಕೇಳ್ದಾಗ ಹೇಳ್ಲಿಲ್ಲ. ಈಗ ಬಂದು ಏನ್ ಕಿತ್ ಹಾಕ್ತೀರಾ?"

ಆಟೋ ಹೋಯಿತು. ಆ ಹೆಣ್ಣುಮಗಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಜನ ಫೋನ್ ಮಾಡಿ ಕರೆಸಿದ ಪೊಲೀಸ್ ಜೀಪು ಬಂತು. ದಪ್ಪ ಮೀಸೆಯ ಹೆಡ್ ಕಾನ್‌ಸ್ಟೇಬಲ್ ಒಬ್ಬ, ಜೊತೆಗೆ ಇನ್ನಿಬ್ಬರು. ಸುಂದರೇಶ ಊದಿದ ಮೊಳಕೈ ಹಿಡಿದುಕೊಂಡು ನಡೆದದ್ದನ್ನೆಲ್ಲ ಹೇಳಿ, "ಹೊಡೆದೋನ ತಾಯಿ ಇವ್ರೇ ಸಾರ್" ಎಂದು ತೋರಿಸಿದ.

"ಅಡ್ರೆಸ್ ಹೇಳೀಮ್ಮ. ಮನೆಗೋಗಿ ಎತ್ತಾಕ್ಕೊಂಡ್ ಬರ್ತೀವಿ" ಎಂದ ಹೆಡ್ ಕಾನ್‌ಸ್ಟೇಬಲ್.

ಅವಳಿಗೆ ಗೊತ್ತಿತ್ತು. ಮನೆಗೆ ಹೋದರೆ ಮಗ ಸಿಕ್ಕುವುದಿಲ್ಲ. ವಾಚ್‌ಮನ್ ಹಲ್ಲಿನ ಗಲಾಟೆಯಾದಾಗಲೂ ಹೀಗೇ ಸ್ನೇಹಿತರ ತೋಟದ ಮನೆ ಸೇರಿಕೊಂಡಿದ್ದ. ಬೆಳಗಾಗುವುದರೊಳಗೆ ದೊಡ್ಡವರು ನಡುವೆ ಬಂದು, ರಾಜಿಯಾಗಿ, ವಾಚ್‌ಮನ್ ಕೆಲಸ ಬಿಟ್ಟು ಊರಿಗೆ ಹೋಗಿದ್ದ. ಪ್ರಸನ್ನನ ಕೈಯ ಕತೆಯೂ ನಾಳೆ ಹಾಗೇ ಮುಗಿಯುತ್ತದೆ.

"ಅವನು ಮನೇಲಿ ಸಿಕ್ಕಲ್ಲ ಸ್ವಾಮಿ" ಎಂದಳು. "ನಾನ್ ಕರೆದ್ರೆ ಬತ್ತಾನೆ."

"ನೀವೇ ಕರೀತೀರಾ? ಹೆತ್ ಮಗ ಅಲ್ವೇನಮ್ಮ?"

"ನಾನೇ ಕರೀತೀನಿ. ಜೀಪು ಮರೆಗ್ ನಿಲ್ಲಿಸ್ಕಳಿ."

ಅಲ್ಲಿಂದ ಸ್ವಲ್ಪ ಮುಂದೆ ಒಂದು ಬಸ್ ಸ್ಟಾಪಿತ್ತು. ಅವಳು ಅಲ್ಲಿ ಹೋಗಿ ಕೂತು, ಸೆರಗಿನಿಂದ ಬಾಯಿ ಒರೆಸಿಕೊಂಡು ಫೋನ್ ಹಚ್ಚಿದಳು. ಒಂದೇ ರಿಂಗಿಗೆ ಎತ್ತಿದ.

"ಎಲ್ಲಿದ್ದೀಯಮ್ಮ? ಯಾರೂ ಏನೂ ಮಾಡ್ಲಿಲ್ಲ ತಾನೇ?"

"ಇಲ್ಲ ಕಣಪ್ಪ. ಎಲ್ಲ ಆಸ್ಪತ್ರೆಗ್ ಹೋದ್ರು. ಬಸ್ ಸ್ಟಾಪಲ್ಲಿ ಒಬ್ಳೇ ಕೂತಿದೀನಿ. ಕಾಲು ನಡುಗ್ತೈತೆ. ಬಾರಪ್ಪ, ಕರ್ಕೊಂಡೋಗು."

ಕಾಲು ನಡುಗುವ ಮಾತು ಸುಳ್ಳಾಗಿರಲಿಲ್ಲ.

ಬಂದ. ಹಿಂದಿನ ಗಾಜಿಲ್ಲದ ಕಾರನ್ನು ಬಸ್ ಸ್ಟಾಪಿಗೆ ಒತ್ತಿ ನಿಲ್ಲಿಸಿ ಓಡುತ್ತಲೇ ಇಳಿದ. ಕೈಯಲ್ಲಿ ನೀರಿನ ಬಾಟಲಿ, ಮೆಡಿಕಲ್ ಸ್ಟೋರಿನ ಸಣ್ಣ ಪೊಟ್ಟಣ. "ಬಿ.ಪಿ. ಮಾತ್ರೆ ತಂದಿದೀನಿ ಕಣಮ್ಮ, ಮೊದ್ಲು ನುಂಗು" ಎಂದು ಅವಳ ಮುಂದೆ ಮಂಡಿಯೂರಿ ಬಾಟಲಿಯ ಮುಚ್ಚಳ ಬಿಚ್ಚಿದ. ಅವಳ ಹಲ್ಲಿನ ಗುರುತು ಅವನ ಮುಂಗೈ ಮೇಲೆ ಕೆಂಪಗೆ ಎದ್ದಿತ್ತು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಕೈಯನ್ನು ಅವಳು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬಾಟಲಿಯ ನೀರು ಚೆಲ್ಲಿತು. ಬಿಟ್ಟುಬಿಡೋಣವೇ ಎನ್ನಿಸಿತು. ಬಿಡಲಿಲ್ಲ.

"ಸ್ವಾಮಿ, ಬನ್ನಿ. ಹೊಡೆದೋನು ಇವನೇ" ಎಂದು ಕೂಗಿದಳು.

ಮೂವರೂ ಎರಡು ಕಡೆಯಿಂದ ನುಗ್ಗಿದರು. ರಾಜೇಶ ಎದ್ದ, ಒಬ್ಬನ ಎದೆಗೆ ಒದ್ದ, ಇನ್ನೊಬ್ಬನ ಟೋಪಿ ಹಾರಿಸಿದ. ಲಾಠಿ ಅವನ ಮಂಡಿಯ ಮೇಲೆ, ಬೆನ್ನಿನ ಮೇಲೆ, ಮತ್ತೆ ಮಂಡಿಯ ಮೇಲೆ ಬಿತ್ತು. ಒಂದೊಂದು ಏಟಿಗೂ ಪುಟ್ಟತಾಯಮ್ಮನ ಮೈ ತಾನೂ ತಿಂದಂತೆ ಅದುರಿತು, ಆದರೆ ಅವಳು ಕಣ್ಣು ಮುಚ್ಚಲಿಲ್ಲ, ಸಾಕು ಎನ್ನಲಿಲ್ಲ. ಅವನನ್ನು ನೆಲಕ್ಕೆ ಅವುಚಿ, ಕೈ ಹಿಂದಕ್ಕೆ ತಿರುಚಿ ಬೇಡಿ ಹಾಕಿದರು.

ಕೆನ್ನೆ ಮಣ್ಣಿಗೆ ಒತ್ತಿದ್ದಂತೆಯೇ ಅವನು ತಲೆ ಹೊರಳಿಸಿ ತಾಯಿಯನ್ನು ನೋಡಿದ.

"ಅಮ್ಮಾ… ನೀನೇನಾ ಕರೆಸಿದ್ದು?"

"ಊಂ ಕಣಪ್ಪ" ಎಂದಳು ಪುಟ್ಟತಾಯಮ್ಮ. "ನಾನೇ."